ನೀರು ಓಡಿಸುವ ಬದು, ನೀರು ನಿಲ್ಲಿಸುವ ಗುಂಡಿ: ಜಿಂಬಾಬ್ವೆಯ ಬರದ ಹಿಂದಿನ ಕಥೆ

ಹೊಲಕ್ಕೆ ಬದು ಯಾಕೆ ಹಾಕ್ತೀರಿ ಅಂತ ಕೋಲಾರದ ಕಡೆಯೋ ಚಿತ್ರದುರ್ಗದ ಕಡೆಯೋ ಯಾರನ್ನಾದರೂ ಕೇಳಿ. ಬಿದ್ದ ಮಳೆ ಅಲ್ಲೇ ಇಂಗಲಿ, ಮಣ್ಣು ಕೊಚ್ಚಿ ಹೋಗದಿರಲಿ ಅಂತ ಹೇಳುತ್ತಾರೆ. ಜಿಂಬಾಬ್ವೆಯ ಒಣ ಜಿಲ್ಲೆಗಳಲ್ಲಿ ಬಿಳಿಯರ ಸರ್ಕಾರ ರೈತರ ಕೈಯಲ್ಲಿ ಹಾಕಿಸಿದ ಬದುಗಳ ಕೆಲಸವೇ ಬೇರೆ. ಬದುವಿನ ಪಕ್ಕದ ಕಾಲುವೆಗೆ ಸಣ್ಣದೊಂದು ಇಳಿಜಾರು ಕೊಡುತ್ತಿದ್ದರು. ಮಳೆನೀರು ಮಣ್ಣನ್ನು ಕೊಚ್ಚದೆ, ಹೊಲದಲ್ಲಿ ನಿಲ್ಲದೆ, ಮೆಲ್ಲಗೆ ಹಳ್ಳ ಸೇರಬೇಕು. ಮಣ್ಣೇನೋ ಉಳಿಯಿತು, ನೀರು ಹೋಯಿತು. ವರ್ಷಕ್ಕೆ 500–600 ಮಿ.ಮೀ. ಮಳೆ ಬೀಳುವ ಕಡೆ, ಅದೂ ಕೆಲವೇ ಜೋರು ಮಳೆಯಲ್ಲಿ ಬಹುಪಾಲು ಮುಗಿದುಹೋಗುವ ಕಡೆ, ಇದು ಎಂಥ ಲೆಕ್ಕ?

ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಬರ ಬಂದಾಗಲೆಲ್ಲ ಈಗ ‘ಪ್ರಕೃತಿ ಆಧಾರಿತ ಪರಿಹಾರ’ ಅನ್ನೋ ಮಾತು ಕೇಳಿಬರುತ್ತದೆ. ಅಂದರೆ ಮಣ್ಣು, ನೀರು, ಕಾಡುಗಳನ್ನು ಕಾಪಾಡಿ ಅವುಗಳಿಂದಲೇ ಬರದಂಥ ತೊಂದರೆಗೆ ದಾರಿ ಹುಡುಕುವುದು. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಅದಕ್ಕೊಂದು ವ್ಯಾಖ್ಯೆಯನ್ನೂ ಕೊಟ್ಟಿತು. ಆದರೆ ಆ ಹೆಸರಿನಡಿ ಇವತ್ತು ತೋರಿಸುವ ಕೆಲಸಗಳಲ್ಲಿ ಕೆಲವು 1960ರ ದಶಕದಲ್ಲೇ ಶುರುವಾಗಿದ್ದವು. ಅದೂ ಸರ್ಕಾರದ ಬೆಂಬಲದಿಂದಲ್ಲ, ಸರ್ಕಾರದ ಕಾನೂನು ಮುರಿದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಜಿಂಬಾಬ್ವೆ ಆಗ ದಕ್ಷಿಣ ರೊಡೇಷಿಯಾ. 1930ರ ಭೂ ಹಂಚಿಕೆ ಕಾಯ್ದೆ ದೇಶದ ಸುಮಾರು ಅರ್ಧ ಭೂಮಿಯನ್ನು ಸಂಖ್ಯೆಯಲ್ಲಿ ತೀರಾ ಕಡಿಮೆಯಿದ್ದ ಬಿಳಿಯರಿಗೆ ಬರೆದುಕೊಟ್ಟಿತು. ಒಳ್ಳೆಯ ಮಣ್ಣು, ಒಳ್ಳೆಯ ಮಳೆ, ರೈಲು ದಾರಿ ಇರುವ ಜಾಗ ಹೆಚ್ಚಾಗಿ ಅವರ ಪಾಲಾಯಿತು. ಕಪ್ಪು ರೈತರನ್ನು ‘ಮೀಸಲು ಪ್ರದೇಶ’ ಅಂತ ಕರೆದ ಮರಳುಮಣ್ಣಿನ ಒಣ ನೆಲಕ್ಕೆ ತಳ್ಳಿದರು. ಅಲ್ಲಿ ಜನ ಹೆಚ್ಚಾದರು, ದನ ಹೆಚ್ಚಾದವು, ಮಣ್ಣು ಸವೆಯಿತು. ಸವೆದದ್ದಕ್ಕೆ ತಪ್ಪಿತಸ್ಥರು ಯಾರು? ಬೇಸಾಯ ಗೊತ್ತಿಲ್ಲದ ಜನ ಅಂತ ಸರ್ಕಾರ ತೀರ್ಮಾನಿಸಿತು.

ಇವರಿಗೆ ಬೇಸಾಯ ಕಲಿಸಲು 1926ರಲ್ಲಿ ಇ.ಡಿ. ಆಲ್ವರ್ಡ್ ಎಂಬ ಅಮೆರಿಕದ ಮಿಷನರಿಯನ್ನು ನೇಮಿಸಿದರು. ಆತ ಕೆಟ್ಟ ಮನುಷ್ಯನೇನಲ್ಲ. ಬೆಳೆ ಸರದಿ, ಕೊಟ್ಟಿಗೆ ಗೊಬ್ಬರ ಎಲ್ಲ ಹೇಳಿಕೊಟ್ಟ. ಜೊತೆಗೆ ಊರ ಜಮೀನಿಗೆ ಗೆರೆ ಎಳೆದು ಒಂದು ಕಡೆ ಉಳುಮೆ, ಇನ್ನೊಂದು ಕಡೆ ಮೇವು ಅಂತ ವಿಂಗಡಿಸಿದ. ಒಂದೇ ಹೊಲದಲ್ಲಿ ನಾಲ್ಕಾರು ಬೆಳೆ ಬೆರೆಸಿ ಬಿತ್ತುತ್ತಿದ್ದವರಿಗೆ ಒಂದೊಂದನ್ನೇ ಸಾಲಾಗಿ ಬಿತ್ತಿ ಅಂದ. ಆಮೇಲೆ ಬದು ಹಾಕುವುದು ಕಡ್ಡಾಯವಾಯಿತು. ಅದಕ್ಕೆ ಕೂಲಿಯೂ ಇಲ್ಲ. 1951ರಲ್ಲಿ ಬಂದ ಕಾಯ್ದೆ ದನಗಳ ಸಂಖ್ಯೆಯನ್ನೂ ಕಡಿಮೆ ಮಾಡಿಸಿತು. ಸ್ವಾತಂತ್ರ್ಯ ಹೋರಾಟಗಾರರು ಹಳ್ಳಿಗೆ ಬಂದಾಗ ಜನರ ದೂರುಗಳಲ್ಲಿ ಈ ಬದುವಿನ ಬಿಟ್ಟಿ ಚಾಕರಿಯೂ ಇತ್ತು. ಮಣ್ಣು ಉಳಿಸುವ ಕೆಲಸ ಅನ್ನೋದೇ ಜನರ ಕಣ್ಣಲ್ಲಿ ಆಳುವವರ ದಬ್ಬಾಳಿಕೆ ಆಗಿಬಿಟ್ಟಿತ್ತು.

ಇನ್ನೊಂದು ಕಾನೂನು ಇದಕ್ಕಿಂತ ವಿಚಿತ್ರ. ಅಲ್ಲಿನ ಇಳಿಜಾರುಗಳ ಬುಡದಲ್ಲಿ ಬೇಸಿಗೆಯಲ್ಲೂ ತೇವ ಆರದ ಜೌಗು ತಗ್ಗುಗಳಿವೆ. ಮಳೆ ಕೈಕೊಟ್ಟಾಗ ಜನ ಬದುಕುತ್ತಿದ್ದುದೇ ಅಲ್ಲಿ ಬೆಳೆದ ಭತ್ತ, ಗೆಡ್ಡೆ, ತರಕಾರಿಯಿಂದ. 1927ರಿಂದ ಒಂದರ ಹಿಂದೊಂದು ಬಂದ ನೀರಿನ ಕಾನೂನುಗಳು ಮತ್ತು ಹಳ್ಳದ ದಂಡೆ ರಕ್ಷಣೆಯ ನಿಯಮಗಳು ಅಲ್ಲಿ ಬೇಸಾಯ ಮಾಡದಂತೆ ತಡೆದವು. ಕೊರಕಲು ಬೀಳುತ್ತದೆ, ನದಿ ಬತ್ತುತ್ತದೆ ಅನ್ನೋದು ಕಾರಣ. ಹೀಗೆ ಮೇಲಿನ ಹೊಲದ ನೀರು ಹೊರಗೆ ಓಡಿತು, ಕೆಳಗಿನ ಒದ್ದೆ ನೆಲಕ್ಕೆ ಕಾಲಿಡುವ ಹಾಗಿಲ್ಲ. ಬರ ಆಕಾಶದಿಂದ ಮಾತ್ರ ಬರುವುದಿಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇಂಥ ಕಾಲದಲ್ಲಿ ಜೆಫನಾಯಾ ಫಿರಿ ಮಸೇಕೊ ಬರುತ್ತಾರೆ. 1927ರಲ್ಲಿ ಹುಟ್ಟಿದವರು, ಜ್ವಿಶವಾನೆ ಎಂಬ ಒಣ ಜಿಲ್ಲೆಯ ಕಡೆಯವರು. ರೈಲ್ವೆಯಲ್ಲಿ ಕೆಲಸವಿತ್ತು. ರಾಜಕೀಯ ಮಾಡುತ್ತಾನೆ ಅಂತ 1964ರಲ್ಲಿ ಕೆಲಸ ಕಿತ್ತುಕೊಂಡರು. ಮನೆ ತುಂಬ ಮಕ್ಕಳು. ಕೈಯಲ್ಲಿದ್ದದ್ದು ದನ ಮೇಯ್ದು ಬೋಳಾಗಿದ್ದ ಮೂರು ಹೆಕ್ಟೇರ್ ಜಮೀನು, ಮತ್ತೊಂದು ಬೈಬಲ್. ಆದಾಮ ಮತ್ತು ಹವ್ವಳಿಗೆ ಬೇಕಾದ್ದೆಲ್ಲ ಏದೆನ್ ತೋಟದಲ್ಲೇ ಸಿಕ್ಕಿತು ಅಂತ ಓದಿ, ತಾನೂ ಅಂಥದ್ದೊಂದು ತೋಟ ಮಾಡಬೇಕು ಅಂದುಕೊಂಡರು. ಆಮೇಲೆ ಹೊಳೆದದ್ದು, ಆ ತೋಟಕ್ಕೆ ನದಿಗಳಿದ್ದವು, ತನ್ನ ಜಮೀನಿಗೆ ಒಂದು ಹಳ್ಳವೂ ಇಲ್ಲ. ಸರಿ, ನದಿಯನ್ನೂ ತಾನೇ ಮಾಡಿಕೊಳ್ಳಬೇಕು.

ಅವರ ಜಮೀನನ್ನು ಮೇಲಿನಿಂದ ನೋಡುತ್ತಾ ಬರಬೇಕು. ತುದಿಯಲ್ಲಿ ದೊಡ್ಡ ಹಾಸುಬಂಡೆ. ಮಳೆ ಬಿದ್ದರೆ ಒಂದು ಹನಿಯೂ ಇಂಗದು, ರಭಸದಿಂದ ಕೆಳಗೆ ನುಗ್ಗುತ್ತದೆ. ಮೊದಲು ಇದೇ ನೀರು ಹೊಲವನ್ನು ಕೊರೆಯುತ್ತಿತ್ತು. ಫಿರಿ ಬಂಡೆಯ ಮೇಲೆ ಅಡ್ಡಡ್ಡ ಕಲ್ಲು ಪೇರಿಸಿದರು. ಗಾರೆ ಇಲ್ಲ, ಸುಮ್ನೆ ಕಲ್ಲು. ನೀರು ಸಂದಿಯಲ್ಲಿ ನುಸುಳಿ ನಿಧಾನವಾಗಿ ಇಳಿಯುತ್ತದೆ. ಬಂಡೆಯ ಬುಡದಲ್ಲಿ ಹೊಂಡಗಳು. ದೊಡ್ಡ ಹೊಂಡಕ್ಕೆ ಅವರು ಇಟ್ಟ ಹೆಸರು ‘ಇಮಿಗ್ರೇಷನ್ ಸೆಂಟರ್’. ಹೊರಗಿನಿಂದ ಬಂದ ನೀರಿಗೆ ಇಲ್ಲಿ ಸ್ವಾಗತ, ಮುಂದೆ ಜಮೀನಿನಲ್ಲಿ ಎಲ್ಲಿ ನೆಲೆಸಬೇಕು ಅನ್ನೋದೂ ಇಲ್ಲೇ ತೀರ್ಮಾನ. ಆಳುವವರ ಕಚೇರಿಗಳನ್ನು ಚೆನ್ನಾಗಿ ಕಂಡಿದ್ದ ಮನುಷ್ಯನ ತಮಾಷೆ ಇದು.

ಅಲ್ಲಿಂದ ಕೆಳಗೆ ಸರ್ಕಾರ ಹಾಕಿಸಿದ್ದ ಅದೇ ಬದು, ಅದೇ ಕಾಲುವೆ. ಫಿರಿ ಅದನ್ನು ಒಡೆಯಲಿಲ್ಲ. ಕಾಲುವೆಯ ಒಳಗೇ ಆಳು ನಿಲ್ಲುವಷ್ಟು ದೊಡ್ಡ ಇಂಗುಗುಂಡಿಗಳನ್ನು ತೋಡುತ್ತಾ ಹೋದರು. ಓಡಿಹೋಗಬೇಕಿದ್ದ ನೀರು ಒಂದು ಗುಂಡಿ ತುಂಬಿ ಇನ್ನೊಂದಕ್ಕೆ ಹರಿಯಿತು, ನಡುವೆ ಮಣ್ಣಿಗಿಳಿಯಿತು. ಬದುವಿನ ಉದ್ದಕ್ಕೂ ಹಣ್ಣಿನ ಗಿಡ, ಹುಲ್ಲು. ಕೆಳಗಿನ ತಗ್ಗಿನಲ್ಲಿ ಬಾವಿ, ಮೀನಿನ ಹೊಂಡ, ಬಾಳೆ, ಜೊಂಡು. ಜೌಗಿನಲ್ಲಿ ಬೇಸಾಯ ಮಾಡಿದ್ದಕ್ಕೆ ಅವರನ್ನು ಒಂದಲ್ಲ, ಹಲವು ಸಲ ಹಿಡಿದರು. ಬಿಟ್ಟ ಮೇಲೆ ಬಂದು ಮತ್ತೆ ತೋಡಿದರು. ಅವರ ಒಂದು ನಿಲುವು ನನಗೆ ತುಂಬ ಹಿಡಿಸುತ್ತದೆ: ಸರಾಸರಿ ಮಳೆಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಬರಗಾಲದ ವರ್ಷ ಎಷ್ಟು ಬೀಳುತ್ತದೋ ಅಷ್ಟಕ್ಕೆ ಮಾತ್ರ ಯೋಜನೆ. ಜಾಸ್ತಿ ಬಂದರೆ ಅದು ನೆಲದೊಳಗಿನ ಉಳಿತಾಯ.

1980ರಲ್ಲಿ ದೇಶ ಸ್ವತಂತ್ರವಾಯಿತು. ಅದೇ ದಶಕದಲ್ಲಿ ಫಿರಿ ಜ್ವಿಶವಾನೆ ವಾಟರ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿ, ನೋಡಲು ಬಂದವರಿಗೆಲ್ಲ ತೋರಿಸಿಕೊಟ್ಟರು. 2015ರಲ್ಲಿ ತೀರಿಕೊಂಡರು. ಇಷ್ಟಾಗಿಯೂ ಸ್ವಾತಂತ್ರ್ಯ ಬಂದಾಗಿನ ಹೊಸ ಸರ್ಕಾರ ಜೌಗು ನೆಲದ ಹಳೆಯ ನಿರ್ಬಂಧಗಳನ್ನು ತಕ್ಷಣ ಕಿತ್ತೆಸೆಯಲಿಲ್ಲ. ಕೃಷಿ ಇಲಾಖೆಯ ತಲೆಯಲ್ಲಿ ಇನ್ನೂ ಆಲ್ವರ್ಡ್ ಕಾಲದ ಪಾಠವೇ ಇತ್ತು. 1980ರ ದಶಕದಲ್ಲಿ ಸಣ್ಣ ರೈತರು ಹೈಬ್ರಿಡ್ ಮೆಕ್ಕೆಜೋಳ ಬೆಳೆದು ಗೋದಾಮು ತುಂಬಿಸಿದರು, ಜಗತ್ತು ಹೊಗಳಿತು.

1991–92ರಲ್ಲಿ ಮಳೆ ಕೈಕೊಟ್ಟಿತು. ಆ ಭಾಗ 20ನೇ ಶತಮಾನದಲ್ಲಿ ಕಂಡ ಅತಿ ಕೆಟ್ಟ ಬರಗಳಲ್ಲಿ ಅದೊಂದು. ಮೆಕ್ಕೆಜೋಳ ಹೂ ಬಿಡುವ ಹೊತ್ತಿಗೆ ನೀರು ತಪ್ಪಿದರೆ ಮುಗಿಯಿತು, ಆಮೇಲೆ ಎಷ್ಟು ಸುರಿದರೂ ಕಾಳು ಕಟ್ಟುವುದಿಲ್ಲ. ಧಾನ್ಯ ಮಾರುತ್ತಿದ್ದ ದೇಶ ಹಡಗಿನಲ್ಲಿ ಧಾನ್ಯ ತರಿಸಬೇಕಾಯಿತು. ಪಕ್ಕದ ಚಿವಿ ಜಿಲ್ಲೆಯ ರೈತರು ಫಿರಿ ಅವರ ಜಮೀನು ನೋಡಿ ಬಂದು ಇಂಗುಗುಂಡಿ ತೋಡಲು ಶುರುಮಾಡಿದ್ದು ಆ ಬರದ ನಂತರದ ವರ್ಷಗಳಲ್ಲಿ.

ದೇಶದ ಪೂರ್ವ ಗಡಿಯ ಚಿಮನಿಮನಿ ಬೆಟ್ಟಗಳಲ್ಲಿ ಚಿಕುಕ್ವಾ ಎಂಬ ಊರುಗಳ ಗುಂಪಿದೆ. ಅಲ್ಲಿ ಮಳೆಗೆ ಅಷ್ಟು ಬಡತನವಿಲ್ಲ. ಆದರೂ 1991ರಲ್ಲಿ ಊರಿನ ಒರತೆ ಬತ್ತಿತು. ಮೇಲಿನ ಗುಡ್ಡ ಬೋಳಾಗಿದ್ದೇ ಕಾರಣ. ಊರವರು ಒರತೆಯ ಸುತ್ತ ಬೇಲಿ ಹಾಕಿ ಕಾಡುಮರ ನೆಟ್ಟರು, ಇಳಿಜಾರಿಗೆ ಅಡ್ಡ ಕಂದಕ ತೋಡಿ ಲಾವಂಚ ಹಚ್ಚಿದರು. ಗಿಡ ನೆಡುವುದು ಸುಲಭ, ಪಕ್ಕದ ಮನೆಯ ಮೇಕೆ ತಡೆಯುವುದು ಕಷ್ಟ. ಇದು ಎಲ್ಲ ಊರಿನ ಸಂಗತಿಯೇ, ಅಲ್ವಾ? ಚಿಕುಕ್ವಾದವರು 1990ರ ದಶಕದಲ್ಲಿ ಕಟ್ಟಿಕೊಂಡ ಟ್ರಸ್ಟ್ ಬೇಸಾಯ ಕಲಿಸುವುದರ ಜೊತೆಗೆ ಜಗಳ ಬಗೆಹರಿಸುವುದನ್ನೂ ಕಲಿಸುತ್ತದೆ. ಒರತೆಗಳು ಮತ್ತೆ ಹರಿದವು.

ಹಾಗಂತ ಗುಂಡಿ ತೋಡಿದರೆ ಬರ ಓಡಿತು ಅಂದುಕೊಳ್ಳಬೇಡಿ. ಇಂಗುಗುಂಡಿಯ ತೇವ ಇಳಿಜಾರಿನಲ್ಲಿ ಕೆಲವೇ ಮೀಟರ್ ದೂರ ಹೋಗುತ್ತದೆ. ಇಡೀ ಹೊಲ ನೆನೆಯಬೇಕಾದರೆ ಸಾಲು ಸಾಲು ಗುಂಡಿ ಬೇಕು. ಗಂಡಸರು ಗಣಿಗೋ ಪಕ್ಕದ ದಕ್ಷಿಣ ಆಫ್ರಿಕಾ ದೇಶಕ್ಕೋ ದುಡಿಯಲು ಹೋದ ಮನೆಗಳಲ್ಲಿ ಗುದ್ದಲಿ ಹಿಡಿಯುವವರು ಯಾರು? ಹೆಂಗಸರು, ವಯಸ್ಸಾದವರು.

ಇದು ಚೆನ್ನಾಗಿ ಕಾಣುವುದು 2020ರಲ್ಲಿ ಸರ್ಕಾರ ದೇಶಕ್ಕೆಲ್ಲ ಹಬ್ಬಿಸಿದ ಪ್ಫುಂವುದ್ಜಾ ಯೋಜನೆಯಲ್ಲಿ. ಉಳುಮೆ ಇಲ್ಲ, ಗುಣಿ ತೋಡಿ ಬಿತ್ತಬೇಕು, ಮೇಲೆ ಹುಲ್ಲು ಹೊದಿಸಬೇಕು. ನಮ್ಮ ಹಾವೇರಿ ಕಡೆಯ ಗುಳಿ ರಾಗಿ ಗೊತ್ತಿರುವವರಿಗೆ ಇದು ತೀರಾ ಹೊಸದೇನಲ್ಲ. ತಾಕಿನ ಅಳತೆ 39 ಮೀಟರ್ ಉದ್ದ, 16 ಮೀಟರ್ ಅಗಲ. ಅಂದರೆ ಸುಮಾರು ಆರು ಗುಂಟೆ. ಅದರಲ್ಲಿ 52 ಸಾಲು, ಸಾಲಿಗೆ 28 ಗುಣಿ, ಒಟ್ಟು 1,456. ಒಂದು ಸಾಲಿನ ಮೆಕ್ಕೆಜೋಳ ಆರು ಜನರ ಮನೆಗೆ ಒಂದು ವಾರಕ್ಕೆ, 52 ಸಾಲು 52 ವಾರಕ್ಕೆ. ಲೆಕ್ಕ ಅಚ್ಚುಕಟ್ಟು. ಗುಣಿ ತೋಡಿ ತೋರಿಸಿದವರಿಗೆ ಸರ್ಕಾರದ ಬೀಜ, ಗೊಬ್ಬರ. ಈ ಪದ್ಧತಿಯನ್ನು ಇದಕ್ಕೂ ಮುಂಚೆ ಸ್ವಯಂಸೇವಾ ಸಂಸ್ಥೆಗಳು ತಂದಾಗಲೇ ಜನ ಅದಕ್ಕೆ ‘ದಿಗಾ ಉಫೆ’ ಅಂತ ಅಡ್ಡಹೆಸರು ಇಟ್ಟಿದ್ದರು. ತೋಡು, ಸಾಯಿ ಅಂತ ಅರ್ಥ. ಸಂಸ್ಥೆಯ ಬೀಜ, ಗೊಬ್ಬರ ನಿಂತ ಮೇಲೆ ಎಷ್ಟೋ ಮಂದಿ ತೋಡುವುದನ್ನೂ ನಿಲ್ಲಿಸಿದರು. ಫಿರಿ ಅವರಿಗೆ ಯಾರೂ ಬೀಜ ಕೊಟ್ಟಿರಲಿಲ್ಲ, ಗುಂಡಿ ಎಷ್ಟಿರಬೇಕು ಅಂತ ಹೇಳಿರಲೂ ಇಲ್ಲ. ತಂತ್ರ ಒಳ್ಳೆಯದೇ ಇರಬಹುದು. ಮೇಲಿನಿಂದ ಅಳತೆ ಹಿಡಿದು ಬಂದಾಗ ಅದು ಹಳೆಯ ಬದುವಿನ ನೆನಪನ್ನೇ ತರುತ್ತದೆ ಅಂತ ನನಗನ್ನಿಸುತ್ತದೆ.

ಅಕ್ಕಪಕ್ಕದ ದೇಶಗಳ ದಾರಿ ಬೇರೆ ಬೇರೆ. ನಮೀಬಿಯಾ 1996ರಲ್ಲಿ ಕಾನೂನು ತಿದ್ದಿ, ಹಳ್ಳಿಗಳು ತಮ್ಮ ವನ್ಯಜೀವಿಗಳನ್ನು ತಾವೇ ನೋಡಿಕೊಂಡು ಆದಾಯ ಪಡೆಯಲು ಅವಕಾಶ ಕೊಟ್ಟಿತು. ಈಗ ಅಂಥ 86 ಸಮುದಾಯ ಸಂರಕ್ಷಣಾ ಪ್ರದೇಶಗಳಿವೆ. ದಕ್ಷಿಣ ಆಫ್ರಿಕಾ ದೇಶ 1995ರಲ್ಲಿ, ಕಾದರ್ ಅಸ್ಮಲ್ ನೀರು ಮತ್ತು ಅರಣ್ಯ ಸಚಿವರಾಗಿದ್ದಾಗ, ನೀರು ಕುಡಿಯುವ ಹೊರದೇಶದ ಮರಗಳನ್ನು ಬಡವರಿಗೆ ಕೂಲಿ ಕೊಟ್ಟು ಕಡಿಸುವ ಕೆಲಸ ಶುರುಮಾಡಿತು. ಅಲ್ಲಿನ ಒಣ ಸೀಮೆಯಲ್ಲಿ ಕಾಟ ಕೊಡುವ ಮರಗಳಲ್ಲಿ ನಮ್ಮ ಬಳ್ಳಾರಿ ಜಾಲಿಯ ಬಳಗವೂ ಇದೆ. ಅದನ್ನೂ ಒಂದು ಕಾಲದಲ್ಲಿ ನೆರಳಿಗೆ, ಮೇವಿಗೆ ಅಂತಲೇ ತಂದಿದ್ದರು.

2024ರಲ್ಲಿ ಎಲ್ಲರಿಗೂ ಒಟ್ಟಿಗೆ ಪೆಟ್ಟು ಬಿತ್ತು. ಅಲ್ಲಿನ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಫೆಬ್ರವರಿ ಬಹುತೇಕ ಒಣಗಿತು, ಮೆಕ್ಕೆಜೋಳ ಹೂವಿನಲ್ಲೇ ಸುಟ್ಟಿತು. ಜಾಂಬಿಯಾ, ಮಲಾವಿ, ಜಿಂಬಾಬ್ವೆ, ಆಮೇಲೆ ನಮೀಬಿಯಾ, ಲೆಸೊಥೊ ಒಂದೊಂದಾಗಿ ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದವು. ಜಾಂಬಿಯಾ–ಜಿಂಬಾಬ್ವೆ ಗಡಿಯಲ್ಲಿ ವಿದ್ಯುತ್ ತಯಾರಿಸುವ ಕರೀಬಾ ಜಲಾಶಯ ತಳ ಕಂಡು ಜಾಂಬಿಯಾದಲ್ಲಿ ದಿನದ ಬಹುಹೊತ್ತು ಕರೆಂಟ್ ಇರಲಿಲ್ಲ. ಎಲ್ಲರೂ ಹವಾಮಾನ ಬದಲಾವಣೆ ಅಂದರು. ಆದರೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿ, ಈ ಸಲದ ಬರಕ್ಕೆ ಮುಖ್ಯ ಕಾರಣ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯಾಗುವುದು, ಅಂದಿತು. ಭೂಮಿ ಬಿಸಿಯಾದಷ್ಟೂ ಈ ಭಾಗದಲ್ಲಿ ಬರ ಹೆಚ್ಚುತ್ತದೆ ಅನ್ನೋ ಮುನ್ನೋಟವೇನೂ ಇದರಿಂದ ಸುಳ್ಳಾಗಲಿಲ್ಲ. ಒಂದೇ ಬೆಳೆಗೆ ಜೋತುಬಿದ್ದದ್ದರ ಪಾಲು ಎಷ್ಟು ಅನ್ನೋದು ಇನ್ನೊಂದು ಪ್ರಶ್ನೆ.

ಹಾಗಾಗಿ ರಾಗಿ, ಜೋಳ, ಸಜ್ಜೆಯ ಮಾತು ಮತ್ತೆ ಬಂದಿದೆ. ಮೂರೂ ಹುಟ್ಟಿದ್ದು ಆಫ್ರಿಕಾದಲ್ಲೇ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮ ಕಡೆ ಬಂದವು. ಜಿಂಬಾಬ್ವೆಯಲ್ಲಿ ರಾಗಿ ಹಿರಿಯರ ಪೂಜೆಯ ಬಿಯರ್‌ಗೆ ಬೇಕೇ ಬೇಕು, ಹಾಗಾಗಿ ಮೆಕ್ಕೆಜೋಳದ ಅಬ್ಬರದಲ್ಲೂ ಅದರ ಬೀಜ ಉಳಿಯಿತು. ಮಸ್ವಿಂಗೊ ಪ್ರಾಂತ್ಯದ ಶಾಶೆಯಲ್ಲಿ ಈ ಬೀಜಗಳನ್ನು ಬಿತ್ತಿ, ಹಂಚಿಕೊಳ್ಳುವ ರೈತರ ಶಾಲೆಯೇ ಇದೆ. ಅಲ್ಲಿನ ರೈತ ಮಹಿಳೆ ಎಲಿಜಬೆತ್ ಎಂಪೊಫು 2013ರಿಂದ ಕೆಲವು ವರ್ಷ ಲಾ ವಿಯಾ ಕಂಪೆಸಿನಾ ಎಂಬ ಅಂತರರಾಷ್ಟ್ರೀಯ ರೈತ ಒಕ್ಕೂಟದ ಮುಖ್ಯಸ್ಥೆಯಾಗಿದ್ದರು. ನಮ್ಮ ರಾಜ್ಯ ರೈತ ಸಂಘವೂ ಅದೇ ಒಕ್ಕೂಟದ ಸದಸ್ಯ. ಚಾಮರಾಜನಗರದ ಅಮೃತಭೂಮಿ ಅದರ ಕೃಷಿ ಶಾಲೆಗಳಲ್ಲೊಂದು.

ಇನ್ನು ದುಡ್ಡಿನ ವಿಷಯ. ಪ್ರಕೃತಿಯ ಹೆಸರಲ್ಲಿ ಜಿಂಬಾಬ್ವೆಗೆ ಬಂದ ದೊಡ್ಡ ಹಣದ ಉದಾಹರಣೆ ಕರೀಬಾ ಕಾಡಿನ ಕಾರ್ಬನ್ ಯೋಜನೆ. ಕಾಡು ಉಳಿಸಿ ಗಾಳಿಗೆ ಸೇರದಂತೆ ತಡೆದ ಇಂಗಾಲದ ಲೆಕ್ಕವನ್ನು ‘ಕಾರ್ಬನ್ ಕ್ರೆಡಿಟ್’ ಅಂತ ಮಾರುವುದು ಇದರ ಕೆಲಸ. 2011ರಲ್ಲಿ ಶುರುವಾದದ್ದು. ಉಳಿಸಿದ ಕಾಡಿನ ಲೆಕ್ಕ ಉಬ್ಬಿಸಲಾಗಿದೆ ಎಂಬ ಟೀಕೆ ಬಂದ ಮೇಲೆ, 2023ರಲ್ಲಿ ಅದರ ಕಾರ್ಬನ್ ಕ್ರೆಡಿಟ್ ಮಾರುತ್ತಿದ್ದ ಸೌತ್ ಪೋಲ್ ಕಂಪನಿ ಕೈತೊಳೆದುಕೊಂಡಿತು. ಅದೇ ವರ್ಷ ಸರ್ಕಾರ ಕಾರ್ಬನ್ ಆದಾಯದಲ್ಲಿ ಅರ್ಧ ತನಗೆ ಬೇಕು ಅಂದಿತು, ಆಮೇಲೆ ಸ್ವಲ್ಪ ಇಳಿಸಿತು. ಇಂಗುಗುಂಡಿಯ ನೀರಿಗೆ ಅಂಥ ಮಾರುಕಟ್ಟೆ ಇಲ್ಲ. ಆ ಗುಂಡಿಗಳಿಗೆ ಬೇಕಾದ ಕೂಲಿ, ಗುದ್ದಲಿ, ಬೇಸಿಗೆಯ ದುಡಿಮೆ ಎಲ್ಲವನ್ನೂ ಈಗಲೂ ಹೆಚ್ಚಿನ ಕಡೆ ಮನೆಯವರೇ ಹೊರುತ್ತಿದ್ದಾರೆ.