ವೈಫೈ ಫುಲ್ ಇದೆ, ನೆಟ್ ಮಾತ್ರ ಬರಲ್ಲ, ಯಾಕೆ?

ಪ್ರಶ್ನೆ: ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿ ಹಳೇ ಕಲ್ಲಿನ ಮನೆ. ಮೊಬೈಲ್‌ನಲ್ಲಿ ವೈಫೈ ಗೆರೆ ಎಲ್ಲಾ ಫುಲ್ ಇರುತ್ತೆ, ಆದರೆ ಯೂಟ್ಯೂಬ್ ಸುಮ್ನೆ ಸುತ್ತುತ್ತಾ ಕೂರುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಐಪಿ ನೋಡ್ರಿ, ಗೇಟ್‌ವೇ ನೋಡ್ರಿ, ಡಿಎನ್‌ಎಸ್ ಬದಲಿಸ್ರಿ ಅಂತಾರೆ. ಇವೆಲ್ಲ ಏನು? ನಾನು ಅಂಗಡಿ ಇಟ್ಟುಕೊಂಡವನು, ಇಂಜಿನಿಯರ್ ಅಲ್ಲ.

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಹೋದ ತಿಂಗಳು ನಮ್ಮ ಕಾಕಾ ಕೂಡ ಫೋನ್ ಮಾಡಿ ಇದೇ ಕೇಳಿದರು: "ವೈಫೈ ಫುಲ್ ಅದ ನೋಡು, ನೆಟ್ ಬರವಲ್ದು. ಏನಾಗ್ಯಾದ ಇದಕ್ಕ?"

ವೈಫೈ ಬೇರೆ, ಇಂಟರ್‌ನೆಟ್ ಬೇರೆ. ಗೊಂದಲ ಶುರುವಾಗೋದೇ ಇಲ್ಲಿ. ಮೊಬೈಲ್‌ನ ಆ ಗೆರೆಗಳು ಹೇಳೋದು ನಿಮ್ಮ ಕೈಯಲ್ಲಿರುವ ಫೋನಿಗೂ ಪಡಸಾಲೆಯಲ್ಲಿರುವ ಡಬ್ಬಿಗೂ ನಡುವಿನ ಸಂಬಂಧ ಹೇಗಿದೆ ಅಂತ, ಅಷ್ಟೇ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಅಡುಗೆಮನೆಯ ನಳದವರೆಗೆ ಪೈಪು ಚೆನ್ನಾಗಿದೆ, ಆದರೆ ಟ್ಯಾಂಕಿಗೇ ನೀರು ಬಂದಿಲ್ಲ. ಬೇಸಿಗೆಯಲ್ಲಿ ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಗೆರೆ ನೋಡೋದು ಬಿಟ್ಟು, ನೀರು ಎಲ್ಲಿ ನಿಂತಿದೆ ಅಂತ ಹೊರಗಿನಿಂದ ಒಳಗೆ ನೋಡುತ್ತಾ ಬನ್ನಿ.

ಮೊದಲು ಡಬ್ಬಿಯ ದೀಪಗಳು. ಫೈಬರ್ ಸಂಪರ್ಕ ಇರುವ ಮನೆಗಳಲ್ಲಿ ಹೆಚ್ಚಾಗಿ ಒಂದೇ ಡಬ್ಬಿ ಎರಡು ಕೆಲಸ ಮಾಡುತ್ತೆ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಸಿಗ್ನಲ್ ಮಾಡೋದು ಒಂದು ಕೆಲಸ, ಅದು ಮಾಡುವ ಭಾಗಕ್ಕೆ ಓಎನ್‌ಟಿ ಅಥವಾ ಓಎನ್‌ಯು ಅಂತಾರೆ. ಬಂದದ್ದನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಹಂಚೋದು ಇನ್ನೊಂದು ಕೆಲಸ, ಅದು ರೂಟರ್. ಜನ ಎರಡನ್ನೂ ಸೇರಿಸಿ ಮೋಡೆಮ್ ಅಂದುಬಿಡ್ತಾರೆ, ಅನ್ನಲಿ ಬಿಡಿ. ಡಬ್ಬಿ ಮೇಲೆ ಪಿಓಎನ್ ಅಂತ ಬರೆದ ದೀಪ ಹಸಿರಾಗಿ ಅಲ್ಲಾಡದೆ ಉರೀತಿದ್ದರೆ ಬೆಳಕು ಬರ್ತಾ ಇದೆ. ಎಲ್‌ಓಎಸ್ ಅಂತ ಬರೆದದ್ದು ಕೆಂಪಗೆ ಮಿಣುಕುತ್ತಿದ್ದರೆ ಬೆಳಕೇ ಬರ್ತಿಲ್ಲ, ಅಥವಾ ಸಾಲದಷ್ಟು ಬರ್ತಿದೆ. ಆಗ ಐಪಿ, ಡಿಎನ್‌ಎಸ್ ಅಂತ ತಲೆ ಕೆಡಿಸಿಕೊಳ್ಳಬೇಡಿ, ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಏನೂ ಆಗಲ್ಲ, ತೊಂದರೆ ಇರೋದು ತಂತಿಯಲ್ಲಿ.

ಕಾಕಾ ಮನೆಗೆ ಹೋಗಿ ನೋಡಿದೆ. ಕೆಂಪು ದೀಪ. ಡಬ್ಬಿಯ ಹಿಂದೆ ಕೈ ಹಾಕಿದರೆ, ಹಬ್ಬಕ್ಕೆ ಸುಣ್ಣ ಬಳಿಯುವಾಗ ಸರಿಸಿದ ಕಬ್ಬಿಣದ ಅಲ್ಮಾರಿಯನ್ನು ವಾಪಸ್ ಗೋಡೆಗೆ ಒತ್ತಿ ನಿಲ್ಲಿಸಿದ್ದರು, ಅದರ ಹಿಂದೆ ಆ ಹಳದಿ ಸಣ್ಣ ತಂತಿ ಮಡಚಿದ ಕಾಗದದ ಹಾಗೆ ನೆರಿಗೆ ಬಿದ್ದು ಕೂತಿತ್ತು. ಅದು ತಾಮ್ರ ಅಲ್ಲ, ಕೂದಲಿನಷ್ಟು ಸಣ್ಣ ಗಾಜು. ಜಾಸ್ತಿ ಬಗ್ಗಿಸಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತೆ, ಇನ್ನೂ ಬಗ್ಗಿಸಿದರೆ ಒಳಗೇ ಮುರಿಯುತ್ತೆ. ಇನ್ನೊಂದು ಮಾತು, ಆ ತಂತಿಯ ತುದಿ ಬಿಚ್ಚಿ ಬೆಳಕು ಬರ್ತಿದೆಯಾ ಅಂತ ಕಣ್ಣಿಟ್ಟು ನೋಡಬೇಡಿ. ಅದು ಲೇಸರ್, ಕಣ್ಣಿಗೆ ಕಾಣದ ಬೆಳಕು, ಆದರೆ ಕಣ್ಣಿಗೆ ಒಳ್ಳೇದಲ್ಲ.

ದೀಪ ಸರಿ ಇದೆ, ಆದರೂ ನೆಟ್ ಇಲ್ಲ ಅಂದರೆ ಮುಂದಕ್ಕೆ ಹೋಗೋಣ. ಈಗ ಐಪಿ ಬರುತ್ತೆ.

ಐಪಿ ಅಂದರೆ ವಿಳಾಸ. ನೆಟ್‌ನಲ್ಲಿ ಮಾತಾಡುವ ಪ್ರತಿ ಯಂತ್ರಕ್ಕೂ ಒಂದು ಅಂಕಿಯ ವಿಳಾಸ ಬೇಕು. ಹಳೇ ಪದ್ಧತಿಯಲ್ಲಿ, ಅಂದರೆ ಐಪಿವಿ4ನಲ್ಲಿ, ಒಟ್ಟು ಇರೋದೇ ಸುಮಾರು 430 ಕೋಟಿ ವಿಳಾಸ. ಜಗತ್ತಿನ ಫೋನು, ಟಿವಿ, ಕ್ಯಾಮೆರಾಗಳಿಗೆಲ್ಲ ಅದು ಎಲ್ಲಿ ಸಾಲುತ್ತೆ? ಅದಕ್ಕೇ ಮನೆಯೊಳಗೆ ಮಾತ್ರ ಬಳಸಲಿ ಅಂತ ಕೆಲವು ಅಂಕಿಗಳನ್ನು ಬೇರೆ ತೆಗೆದಿಟ್ಟರು. 192.168 ಅಂತ ಶುರುವಾಗುವವು ಅಂಥವೇ. ನಿಮ್ಮ ಫೋನಿನ ವಿಳಾಸ 192.168.1.5 ಇರಬಹುದು, ಪಕ್ಕದ ಮನೆಯವರದ್ದೂ ಅದೇ ಇರಬಹುದು, ಜಗಳ ಇಲ್ಲ.

ನಮ್ಮ ಕಡೆ ಹಳೇ ವಾಡೆಗಳನ್ನು ನೋಡಿರ್ತೀರಿ. ಒಳಗೆ ಐದಾರು ಸಂಸಾರ, ಹೊರಗೆ ಒಂದೇ ದೊಡ್ಡ ಬಾಗಿಲು. ಪತ್ರ ಬರೋದು ವಾಡೆಯ ವಿಳಾಸಕ್ಕೆ. ಬಾಗಿಲಲ್ಲಿ ಕೂತ ಹಿರಿಯರು "ಇದು ನಡುಮನೆಯವರು ಬರೆದ ಪತ್ರಕ್ಕೆ ಬಂದ ಜವಾಬು" ಅಂತ ನೆನಪಿಟ್ಟು ಒಳಗೆ ಕೊಡ್ತಾರೆ. ರೂಟರ್ ಮಾಡೋದು ಇದನ್ನೇ, ಅದಕ್ಕೆ ನ್ಯಾಟ್ ಅಂತ ಹೆಸರು. ಈಗ ಎಷ್ಟೋ ಕಂಪನಿಗಳು ಒಂದೊಂದು ಮನೆಗೂ ಬೇರೆ ಹೊರವಿಳಾಸ ಕೊಡೋದಿಲ್ಲ, ನೂರಾರು ಮನೆಗಳನ್ನು ಸೇರಿಸಿ ಒಂದೇ ದೊಡ್ಡ ಬಾಗಿಲಿನಿಂದ ಕಳಿಸ್ತವೆ. ಅದು ಸಿಜಿನ್ಯಾಟ್. ನೀವು ಅಂಗಡಿಯವರು ಅಂದಿರಲ್ಲ, ಅಂಗಡಿಯ ಸಿಸಿಟಿವಿ ಡಬ್ಬಿಗೆ ಹೊರಗಿನಿಂದ ನೇರ ಐಪಿ ಹೊಡೆದು ನೋಡಲು ಆಗದೇ ಇರೋದಕ್ಕೆ ಕಾರಣ ಎಷ್ಟೋ ಸಲ ಇದೇ. ಆಗ ಕಂಪನಿಯಿಂದ ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ಹೊರವಿಳಾಸ, ತಗೊಳ್ಳಬೇಕು, ಇಲ್ಲಾ ಕ್ಯಾಮೆರಾದವರದೇ ಆ್ಯಪ್‌ನಲ್ಲಿ ನೋಡಬೇಕು.

ಒಳಗಿನ ವಿಳಾಸಗಳನ್ನು ಹಂಚುವವರು ಯಾರು? ಅದೂ ರೂಟರೇ, ಆ ಕೆಲಸಕ್ಕೆ ಡಿಎಚ್‌ಸಿಪಿ ಅಂತಾರೆ. ಫೋನ್ ವೈಫೈಗೆ ಸೇರಿದ ಕೂಡಲೇ "ನನಗೊಂದು ನಂಬರ್ ಯಾರು ಕೊಡ್ತೀರಿ?" ಅಂತ ಕೂಗುತ್ತೆ. ರೂಟರ್ ಒಂದು ನಂಬರ್ ಕೊಟ್ಟು, ಜೊತೆಗೆ "ಹೊರಗೆ ಹೋಗುವ ಬಾಗಿಲು ಇದು" ಅಂತಲೂ ಹೇಳುತ್ತೆ. ಆ ಬಾಗಿಲೇ ಗೇಟ್‌ವೇ. ಹೆಚ್ಚಾಗಿ 192.168.1.1 ಅಥವಾ 192.168.0.1, ಅಂದರೆ ರೂಟರ್‌ನ ಸ್ವಂತ ವಿಳಾಸ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಮ್ಮದೂ ನಿಮ್ಮ ಹಾಗೇ ಕಲ್ಲಿನ ಮನೆ, ಗೋಡೆ ಹತ್ತಿರ ಹತ್ತಿರ ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ತಂಪು, ವೈಫೈಗೆ ಶತ್ರು. ಮೇಲಿನ ಕೋಣೆಗೆ ಸಿಗ್ನಲ್ ಹೋಗ್ತಿರಲಿಲ್ಲ. ಅಟ್ಟದ ಮೇಲೆ ಒಂದು ಹಳೇ ರೂಟರ್ ಬಿದ್ದಿತ್ತು. ದುಡ್ಡು ಯಾಕೆ ಹಾಳು ಅಂತ ಕೆಳಗಿನ ಡಬ್ಬಿಯಿಂದ ಒಂದು ಲ್ಯಾನ್ ಕೇಬಲ್ ಎಳೆದು ಅದರ ಹಿಂದಿನ ಲ್ಯಾನ್ ತೂತಿಗೆ ಚುಚ್ಚಿ, ಎರಡಕ್ಕೂ ಒಂದೇ ಹೆಸರು ಒಂದೇ ಪಾಸ್‌ವರ್ಡ್ ಇಟ್ಟು, ಭಾರೀ ಕೆಲಸ ಮಾಡಿದೆ ಅಂತ ಚಹಾ ಕುಡಿಯುತ್ತಾ ಕೂತೆ. ಸಂಜೆ ಹೊತ್ತಿಗೆ ನನ್ನ ಫೋನಲ್ಲಿ ನೆಟ್ ಬರ್ತಿದೆ, ಹೆಂಡತಿಯ ಫೋನಲ್ಲಿ ಇಲ್ಲ. ಟಿವಿಯಲ್ಲಿ ಬರ್ತಿದೆ, ಮಗಳ ಲ್ಯಾಪ್‌ಟಾಪ್‌ನಲ್ಲಿ ಇಲ್ಲ. ಎಲ್ಲಾ ಆಫ್ ಮಾಡಿ ಆನ್ ಮಾಡಿದೆ. ಈಗ ಅವಳದ್ದು ಬಂತು, ನನ್ನದು ಹೋಯ್ತು! ಎಲ್ಲರಲ್ಲೂ ಗೆರೆ ಮಾತ್ರ ಫುಲ್.

ಎರಡು ತಾಸು ಹೀಗೇ ಹೋದ ಮೇಲೆ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿ ವಿವರ ನೋಡಿದೆ. ಗೇಟ್‌ವೇ 192.168.0.1 ಅಂತಿತ್ತು. ನಮ್ಮ ಕೆಳಗಿನ ಡಬ್ಬಿ 192.168.1.1. ಅಲ್ಲಿಗೆ ಗೊತ್ತಾಯ್ತು. ಎರಡೂ ಡಬ್ಬಿ ನಂಬರ್ ಹಂಚುತ್ತಿದ್ದವು. ಯಾರು ಮೊದಲು ಉತ್ತರ ಕೊಡ್ತಾರೋ ಫೋನ್ ಅವರದ್ದನ್ನೇ ಹಿಡಿಯುತ್ತೆ. ಮೇಲಿನ ಡಬ್ಬಿ "ಬಾಗಿಲು ನಾನೇ" ಅಂತ ಹೇಳಿ ನಂಬರ್ ಕೊಟ್ಟಿತ್ತು, ಆದರೆ ಅದರ ಹೊರಬಾಗಿಲಿಗೆ, ಅಂದರೆ ಇಂಟರ್‌ನೆಟ್ ಬರುವ ತೂತಿಗೆ, ತಂತಿಯೇ ಇರಲಿಲ್ಲ. ಹಳೇ ರೂಟರ್ ಒಳಗೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡಿದೆ, ಅದರ ವಿಳಾಸವನ್ನು 192.168.1.2 ಮಾಡಿದೆ, ಆ ನಂಬರ್ ಕೆಳಗಿನ ಡಬ್ಬಿ ಬೇರೆ ಯಾರಿಗೂ ಹಂಚದ ಹಾಗೆ ಬಿಡಿಸಿಟ್ಟೆ. ಅಷ್ಟೇ ಕೆಲಸ. ಹೊಸ ರೂಟರ್‌ಗಳಲ್ಲಿ ಇದಕ್ಕೆಲ್ಲ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಒಂದೇ ಆಯ್ಕೆ ಇರುತ್ತೆ. ನಿಮ್ಮ ಮನೆಯಲ್ಲೂ ಎರಡನೇ ಡಬ್ಬಿ ಏನಾದರೂ ಇದ್ದರೆ ಮೊದಲು ಅದರ ತಂತಿ ಕಿತ್ತು ನೋಡಿ, ಅರ್ಧ ಜನರ ಸಮಸ್ಯೆ ಅಲ್ಲಿಗೇ ಮುಗಿಯುತ್ತೆ ಅಂತ ನನ್ನ ಅನುಭವ.

ಗೇಟ್‌ವೇನೂ ಸರಿ ಇದೆ ಅನ್ನಿ. ಉಳಿದದ್ದು ಡಿಎನ್‌ಎಸ್. ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಹೋಗಿ ತೊಗರಿ ಹಾಕಬೇಕು ಅನ್ನಿ. ನಿಮಗೆ ಗೊತ್ತಿರೋದು ಅಡತಿಯವರ ಹೆಸರು, ಅಂಗಡಿ ನಂಬರ್ ಅಲ್ಲ. ಗೇಟಿನ ಹತ್ತಿರ ಹಮಾಲರನ್ನು ಕೇಳಿದರೆ "ಅಲ್ಲಿ ಮೂರನೇ ಸಾಲಿನಾಗ" ಅಂತ ತೋರಿಸ್ತಾರೆ. ಡಿಎನ್‌ಎಸ್ ಆ ಹಮಾಲ. ನೀವು ಯೂಟ್ಯೂಬ್ ಅಂತ ಹೆಸರು ಹೇಳ್ತೀರಿ, ಅದು ಐಪಿ ವಿಳಾಸ ಹುಡುಕಿ ಕೊಡುತ್ತೆ. ಮೊದಲು ಈ ಹೆಸರುಗಳನ್ನೆಲ್ಲ ಒಂದೇ ಫೈಲಿನಲ್ಲಿ ಬರೆದಿಟ್ಟು ಎಲ್ಲರೂ ನಕಲು ಮಾಡಿಕೊಳ್ತಿದ್ದರು, ಅದು ಸಾಕಾಗದೆ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅನ್ನೋರು ಈ ಪದ್ಧತಿ ಕಟ್ಟಿದರು. ಹಮಾಲ ಇಲ್ಲದ ದಿನ ರಸ್ತೆ ಇದೆ, ಅಂಗಡಿ ತೆರೆದಿದೆ, ನಿಮಗೆ ದಾರಿ ಮಾತ್ರ ಗೊತ್ತಿಲ್ಲ. ಪರೀಕ್ಷೆ ಸುಲಭ. ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಆದೇಶ ಬರೆಯುವ ಕಿಟಕಿಯಲ್ಲಿ, ಪಿಂಗ್ ಅಂತ ಇಂಗ್ಲಿಷ್‌ನಲ್ಲಿ ಬರೆದು ಮುಂದೆ 8.8.8.8 ಹಾಕಿ. ಪಿಂಗ್ ಅಂದರೆ ಆ ಕಡೆಯ ಯಂತ್ರ ಉತ್ತರ ಕೊಡುತ್ತಾ ಅಂತ ಕೂಗಿ ನೋಡೋದು. ಅದಕ್ಕೆ ಉತ್ತರ ಬಂದು, ಅಂಕಿ ಬದಲು ಸೈಟಿನ ಹೆಸರು ಹಾಕಿದಾಗ ಬರದೇ ಹೋದರೆ ತಪ್ಪು ಹೆಚ್ಚಾಗಿ ಡಿಎನ್‌ಎಸ್‌ನದ್ದೇ. ಆಗ ರೂಟರ್‌ನಲ್ಲಿ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಬಹುದು. ಕೆಲವರು ಜಾಹೀರಾತು ಬರಬಾರದು ಅಂತ ಆಂಡ್ರಾಯ್ಡ್ ಫೋನಿನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಏನೋ ಹಾಕಿ ಮರೆತಿರ್ತಾರೆ. ಅದು ಕೆಟ್ಟರೆ ವೈಫೈನಲ್ಲೂ ನೆಟ್ ಇಲ್ಲ, ಸಿಮ್ ಡೇಟಾದಲ್ಲೂ ಇಲ್ಲ, ಮನೆಯ ಬೇರೆ ಫೋನುಗಳೆಲ್ಲ ಚೆನ್ನಾಗೇ ಇರ್ತವೆ.

ವೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. 2.4 ಗಿಗಾಹರ್ಟ್ಸ್ ವೈಫೈ ಗೋಡೆ ದಾಟೋದರಲ್ಲಿ ಗಟ್ಟಿ, ವೇಗ ಕಮ್ಮಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ನಮ್ಮಂಥ ಕಲ್ಲಿನ ಗೋಡೆ ಮುಂದೆ ಸೋತುಬಿಡುತ್ತೆ. ಮತ್ತೆ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಡೌನ್‌ಲೋಡ್ 12 ತೋರಿಸಿದರೆ ಯಾರೂ ಮೋಸ ಮಾಡಿಲ್ಲ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಆ ಡಬ್ಬಿಗೆ ಕಸೂತಿ ಬಟ್ಟೆ ಹೊದಿಸಬೇಡಿ, ಅದಕ್ಕೂ ಸೆಕೆ ಆಗುತ್ತೆ.

ಇನ್ನು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ "ನೆಟ್ ಬರ್ತಿಲ್ಲ" ಅನ್ನಬೇಡಿ. "ಎಲ್‌ಓಎಸ್ ಕೆಂಪಿದೆ" ಅನ್ನಿ, ಇಲ್ಲಾ "ಪಿಓಎನ್ ಹಸಿರಿದೆ, ಗೇಟ್‌ವೇ ಸರಿ ಇದೆ, 8.8.8.8 ಪಿಂಗ್ ಆಗ್ತಿಲ್ಲ" ಅನ್ನಿ. ಕಾಕಾಗೆ ನಾನು ಹಾಗೇ ಹೇಳಿಕೊಟ್ಟೆ, ಯಾಕಂದ್ರೆ ಅಲ್ಮಾರಿ ಸರಿಸಿದರೂ ಕೆಂಪು ದೀಪ ಹೋಗಲಿಲ್ಲ, ಒಳಗಿನ ಗಾಜು ಮುರಿದಿತ್ತು. ಆ ಕಡೆಯವನು ಈ ಸಲ ರೀಸ್ಟಾರ್ಟ್ ಮಾಡ್ರಿ ಅನ್ನಲಿಲ್ಲ. "ನಾಳೆ ಹುಡುಗನ್ನ ಕಳಸ್ತೀವ್ರಿ" ಅಂದ. ಹುಡುಗ ಬಂದದ್ದು ಮೂರನೇ ದಿನ, ಹೊಸ ಹಳದಿ ತಂತಿ ಹಾಕೋಕೆ ತಗೊಂಡದ್ದು ಐದೇ ನಿಮಿಷ.