ಬಿಡ್ತು ಅನ್ನಿಸಬೇಡಿ

ಮಂಡ್ಯದ ಹತ್ತಿರ ಒಂದು ಹಳ್ಳಿ. ನಡುಮನೆಯ ಮಂಚದ ಮೇಲೆ 60 ದಾಟಿದ ಕಬ್ಬಿನ ರೈತರು. ಹೊಟ್ಟೆಯ ಕ್ಯಾನ್ಸರ್, ಲಿವರ್‌ಗೂ ಹಬ್ಬಿತ್ತು. ನಾನು ಬಿಪಿ ನೋಡುತ್ತಿದ್ದಾಗ ಅವರೇ ಮಾತು ತೆಗೆದರು. "ನಮ್ಮ ಕಬ್ಬಿಗೆ ಫ್ಯಾಕ್ಟ್ರಿಯಿಂದ ಕಟಾವಿನ ಪರ್ಮಿಟ್ ಇನ್ನೂ ಬಂದಿಲ್ಲ ಡಾಕ್ಟ್ರೇ. ನಂಗೆ ಮಾತ್ರ ಬಂದ್ಬುಡ್ತು."

"ಬಿಡ್ತು ಅನ್ನಿ!" ಅಡುಗೆಮನೆಯಿಂದಲೇ ಹೆಂಡತಿ ಕೂಗಿದರು. ಮಗ ಎದ್ದು ಜಗಲಿಗೆ ಹೋದ. ಯಜಮಾನರು ಗೋಡೆ ಕಡೆ ಮುಖ ತಿರುಗಿಸಿಕೊಂಡರು.

ನಾನು ಪ್ಯಾಲಿಯೇಟಿವ್ ಕೇರ್ ಡಾಕ್ಟರ್. ಕಾಯಿಲೆ ವಾಸಿಯಾಗಲ್ಲ ಅಂತ ಗೊತ್ತಾದವರ ನೋವು ಇಳಿಸುವುದು ನನ್ನ ಕೆಲಸ. ಈ "ಬಿಡ್ತು ಅನ್ನು" ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರೀತಿಯಿಂದಲೇ ಬರುವ ಮಾತು ಅದು. ಆದರೆ ಹೊರಟು ನಿಂತವರು ತಮಾಷೆ ಮಾಡಿದಾಗ, ಬಹಳ ಸಲ ನಮ್ಮನ್ನು ಮಾತಿಗೆ ಕರೆಯುತ್ತಿರುತ್ತಾರೆ. ನಂಗೊತ್ತು, ನಿಮಗೂ ಗೊತ್ತು, ಮಾತಾಡೋಣ್ವಾ ಅಂತ.

ಒಂದು ತಿಂಗಳ ಹಿಂದೆ ಇದೇ ಮನುಷ್ಯರಿಗೆ ತಮಾಷೆ ಮಾಡುವ ಶಕ್ತಿಯೇ ಇರಲಿಲ್ಲ. ಮೊಣಕಾಲು ಎದೆಗೆ ಒತ್ತಿಕೊಂಡು ರಾತ್ರಿಯೆಲ್ಲಾ ಕೂತಿರುತ್ತಿದ್ದರು. ನೋವು ಇಳಿಯದೆ ನಗು ಎಲ್ಲಿಂದ ಬರಬೇಕು? 4 ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಶುರು ಮಾಡಿದೆವು. ಅದರಿಂದ ಮಲಬದ್ಧತೆ ಆಗುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಅದಕ್ಕೂ ಔಷಧಿ. ಮಾರ್ಫಿನ್ ಅಂದರೆ ಕೊನೆ ಮಾತ್ರೆ ಅಂತ ಮನೆಯವರು ಹೆದರಿದ್ದರು. ಸರಿಯಾದ ಪ್ರಮಾಣದಲ್ಲಿ, ನೋಡಿಕೊಂಡು ಏರಿಸುತ್ತಾ ಹೋದರೆ ಅದರಿಂದ ಸಾವು ಬೇಗ ಬರುವುದಿಲ್ಲ. ವಾರದೊಳಗೆ ಅವರು ಕಾಲು ಚಾಚಿ ಮಲಗಿದರು.

1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ತೆರೆದ ಡಾಕ್ಟರ್ ಸಿಸಿಲಿ ಸಾಂಡರ್ಸ್, ಮೈ ನೋವು, ಮನಸ್ಸಿನ ನೋವು, ಸಂಸಾರದ ಚಿಂತೆ ಎಲ್ಲವನ್ನೂ ಸೇರಿಸಿಯೇ ನೋವು ಅಂತ ನೋಡಬೇಕು ಅಂದರು. ಮಾತ್ರೆ ಮೈ ನೋವನ್ನು ಇಳಿಸುತ್ತದೆ. ಉಳಿದದ್ದಕ್ಕೆ ಯಾರಾದರೂ ಕೂತು ಕೇಳಬೇಕು.

ಆ ದಿನ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದೆ. "ಪರ್ಮಿಟ್ ಬಂದಿದೆ ಅಂದ್ರಲ್ಲ ಯಜಮಾನ್ರೇ, ಹೊರಡೋಕೆ ಮುಂಚೆ ಏನೇನು ಕೆಲಸ ಬಾಕಿ ಇದೆ?"

ಈ ಕಡೆ ತಿರುಗಿದರು. ಸೊಸೈಟಿ ಸಾಲ. ಪಹಣಿಯಲ್ಲಿ ಹೆಂಡತಿ ಹೆಸರು. ಮುದ್ದೆ ಇಳಿಯಲ್ಲ ಅಂದರೂ ತಿನ್ನಿ ತಿನ್ನಿ ಅಂತ ಪೀಡಿಸುವುದು ಬೇಡ. ಮೈಸೂರಿನ ಐಸಿಯು ಬೇಡ. "ಪೈಪ್ ಹಾಕಿ ಗಾಳಿ ಹೊಡೆಯೋಕೆ ನಾನೇನು ಟ್ರ್ಯಾಕ್ಟರ್ ಟೈರಾ?"

ಐಸಿಯು ಬೇಡ, ಪೈಪ್ ಬೇಡ ಅನ್ನುವುದನ್ನು ಈಗಲೇ ಬರೆದಿಡಬಹುದು ಅಂದೆ. ಸುಪ್ರೀಂ ಕೋರ್ಟ್ 2018ರಲ್ಲೇ ಇಂಥ ಪತ್ರಕ್ಕೆ ಮಾನ್ಯತೆ ಕೊಟ್ಟಿದೆ. 2023ರಲ್ಲಿ ಅದನ್ನು ಸುಲಭವೂ ಮಾಡಿದೆ. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ.

ಒಂದು ಮಾತು. ತಮಾಷೆ ಅವರಿಂದಲೇ ಶುರುವಾಗಬೇಕು. ನೋಡಲು ಬಂದ ನೆಂಟರು ಸುಮ್ನೆ ನಗಿಸಲು ಹೊರಟರೆ ಅದು ಜಾಸ್ತಿ ಹಿಂಸೆ. ಕೆಲವರು ಕೊನೆವರೆಗೂ ನಗುವುದಿಲ್ಲ, ಅವರ ಪಕ್ಕದಲ್ಲಿ ಮೌನವಾಗಿ ಕೂತರಾಯಿತು.

ನಾನು ಏಳುವ ಹೊತ್ತಿಗೆ ಅವರು ಮತ್ತೆ ಕರೆದರು. "ಹೋಯ್ತೀನಿ ಅಂದ್ರೆ ಇವಳು ಬೈತಾಳೆ. ಹೋಗ್ಬತ್ತೀನಿ ಅಂದ್ರೆ ಸುಳ್ಳಾಯ್ತದೆ. ಏನಂತ ಹೇಳ್ಲಿ ಡಾಕ್ಟ್ರೇ?"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಲವತ್ತು ವರ್ಷದಲ್ಲಿ ಒಂದ್ ದಿನಾನಾದ್ರೂ ಹೇಳಿ ಹೋಗಿದ್ದೀರಾ? ಈಗೇನು ಹೊಸದು?"

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಬಂದು ಮಂಚದ ಅಂಚಿಗೆ ಕೂತು, ಅಳುತ್ತಾ ನಗುತ್ತಾ ಅವರ ಕಾಲು ಒತ್ತತೊಡಗಿದರು. ಜಗಲಿಯಿಂದ ಮಗ ಒಳಗೆ ಬಂದ.