ಎರಡು ಕೆಜಿ ಎಲ್ಲಿಂದ ಬಂತು?

ಮೂರು ತಿಂಗಳು ಕಷ್ಟಪಟ್ಟು ಐದು ಕೆಜಿ ಇಳಿಸಿದ್ದೀರಿ. ನಡುವೆ ಹತ್ತಿರದವರ ಮದುವೆ ಬಂತು. ಮೂರು ದಿನ ಓಡಾಟ, ನೆಂಟರು, ಹೊತ್ತಲ್ಲದ ಹೊತ್ತಿನಲ್ಲಿ ಊಟ. ನಾಲ್ಕನೇ ದಿನ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತರೆ ಎರಡು ಕೆಜಿ ಹೆಚ್ಚು. ಇಳಿದು, ಮತ್ತೊಮ್ಮೆ ಹತ್ತಿ ನೋಡುತ್ತೀರಿ. ಅದೇ ಅಂಕಿ. ಆಗ ಎದೆಯೊಳಗೆ ಏನೋ ಕುಸಿದಂತಾಗುತ್ತದಲ್ಲ, ಎಷ್ಟೋ ಜನರ ಪ್ರಯತ್ನ ನಿಂತುಹೋಗುವುದು ಆ ಗಳಿಗೆಯಲ್ಲೇ ಎಂದು ನನಗನ್ನಿಸುತ್ತದೆ.

ಹಾಗಾಗಿ ಮೊದಲು ಆ ಎರಡು ಕೆಜಿಯ ಲೆಕ್ಕ ನೋಡೋಣ. ದೇಹದ ಒಂದು ಕೆಜಿ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕಿಲೋಕ್ಯಾಲೊರಿ. ಎರಡು ಕೆಜಿ ಕೊಬ್ಬು ಮೈಗೆ ಹತ್ತಬೇಕಾದರೆ ದಿನದ ಅಗತ್ಯ ಕಳೆದು 15,400 ಕಿಲೋಕ್ಯಾಲೊರಿ ಮಿಗಬೇಕು. ದಿನಕ್ಕೆ 2,000 ಬೇಕಾಗುವವರಿಗೆ ಇದು ಏಳು ದಿನಕ್ಕೂ ಮೀರಿದ ಆಹಾರ. ಅಷ್ಟನ್ನೂ ಮೂರೇ ದಿನದಲ್ಲಿ, ಅದೂ ಮಾಮೂಲಿ ಊಟದ ಮೇಲೆ ತಿಂದಿರಬೇಕು! ಮದುವೆಯೂಟ ಎಷ್ಟೇ ಭರ್ಜರಿಯಾಗಿರಲಿ, ಇದು ಆಗುಹೋಗುವ ಮಾತಲ್ಲ.

ಹಾಗಾದರೆ ಯಂತ್ರ ತೋರಿಸಿದ್ದೇನು? ಬಹುಪಾಲು ನೀರು. ನಾವು ತಿನ್ನುವ ಪಿಷ್ಟ, ಸಕ್ಕರೆಗಳ ಒಂದು ಭಾಗವನ್ನು ದೇಹ ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆ ಮಾಡಿದಾಗ ಈ ಉಗ್ರಾಣ ಬರಿದಾಗುತ್ತಾ ಹೋಗುತ್ತದೆ, ನೀರೂ ಹೊರಟುಹೋಗುತ್ತದೆ. ಡಯಟ್ ಶುರುಮಾಡಿದ ಮೊದಲ ವಾರ ತೂಕ ಸರ್ರನೆ ಇಳಿಯುವುದಕ್ಕೆ ಮುಖ್ಯ ಕಾರಣ ಇದೇ. ಮೂರು ದಿನ ಹೊಟ್ಟೆತುಂಬ ತಿಂದಾಗ 300 ಗ್ರಾಂ ಗ್ಲೈಕೋಜೆನ್ ವಾಪಸ್ ತುಂಬಿಕೊಂಡರೆ ಸಾಕು, ನೀರೂ ಸೇರಿ 1.2 ಕೆಜಿ ಆಯಿತು. ಉಪ್ಪು ಹೆಚ್ಚಾದ್ದರಿಂದ ಮೈಯಲ್ಲಿ ನಿಂತ ನೀರು, ಕರುಳಿನಲ್ಲಿ ಇನ್ನೂ ಉಳಿದಿರುವ ಆಹಾರ ಸೇರಿದರೆ ಎರಡು ಕೆಜಿ ಭರ್ತಿ. ಮೊದಲಿನ ಊಟಕ್ಕೆ ಮರಳಿದರೆ ಇದರಲ್ಲಿ ಹೆಚ್ಚಿನದು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಆದರೆ ಆ ಕೆಲವು ದಿನ ಕಾಯಲು ಮನಸ್ಸು ಬಿಡಬೇಕಲ್ಲ. 1975ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಹರ್ಮನ್ ಮತ್ತು ಸಹೋದ್ಯೋಗಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿದರು, ಕೆಲವರಿಗೆ ಇಲ್ಲ. ಆಮೇಲೆ ರುಚಿ ನೋಡಿ ಹೇಳಿ ಎಂದು ಎಲ್ಲರ ಮುಂದೆಯೂ ಬೇಕಾದಷ್ಟು ಐಸ್‌ಕ್ರೀಂ ಇಟ್ಟರು. ಊಟದ ಬಗ್ಗೆ ತಲೆಕೆಡಿಸಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಂ ಕಡಿಮೆ ತಿಂದರು, ಸಹಜವೇ. ಸದಾ ಬಾಯಿಗೆ ಕಡಿವಾಣ ಹಾಕಿಕೊಂಡಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು! ಮುಳುಗಿದವನಿಗೆ ಚಳಿಯೇನು, ಮಳೆಯೇನು ಎಂಬ ಗಾದೆಯೇ ಪ್ರಯೋಗಾಲಯದಲ್ಲಿ ನಡೆದಂತಿದೆ. "ಇವತ್ತಂತೂ ಕೆಟ್ಟಿತು, ಸೋಮವಾರದಿಂದ ನೋಡೋಣ" ಎಂದು ನಾವೂ ಹೇಳಿಕೊಳ್ಳುತ್ತೇವಲ್ಲ, ಅದೇ ಇದು. ಒಂದು ಲೋಟದಿಂದ ಆಗುವ ನಷ್ಟ ಅಲ್ಪ. ಆ ಲೋಟದ ನಂತರ ಸೋಮವಾರದವರೆಗೆ ಆಗುವುದೇ ದೊಡ್ಡದು.

ಇನ್ನು ತಿಂಗಳುಗಟ್ಟಲೆ ಕೈಬಿಟ್ಟಾಗ ಮರಳುವುದು ನಿಜವಾದ ಕೊಬ್ಬು. ಅಲ್ಲಿಯೂ ತಮ್ಮ ಮನೋಬಲವನ್ನಷ್ಟೇ ಹಳಿದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೂಕ ಇಳಿದಾಗ ಕೊಬ್ಬಿನ ಜೀವಕೋಶಗಳು ಸಣ್ಣದಾಗುತ್ತವೆಯೇ ಹೊರತು ಅವುಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ಈ ಕೋಶಗಳಿಂದ ಹೊರಟು ಮೆದುಳಿಗೆ "ದಾಸ್ತಾನು ಸಾಕಷ್ಟಿದೆ" ಎಂದು ತಿಳಿಸುವ ಹಾರ್ಮೋನು ಲೆಪ್ಟಿನ್, 1994ರಲ್ಲಿ ಪತ್ತೆಯಾದದ್ದು. ಕೋಶಗಳು ಕುಗ್ಗಿದಾಗ ಅದೂ ಕುಗ್ಗುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 50 ಜನರನ್ನು ಹತ್ತು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟು ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಹಸಿವೂ ತಗ್ಗಿರಲಿಲ್ಲ. ಅಂದರೆ ತೂಕ ಇಳಿಸಿದವರು ಮೊದಲಿಗಿಂತ ಹೆಚ್ಚು ಹಸಿದ ದೇಹದೊಂದಿಗೆ ದಿನ ದೂಡುತ್ತಿರುತ್ತಾರೆ. ಅವರು ಆಗೀಗ ಎಡವುವುದರಲ್ಲಿ ಆಶ್ಚರ್ಯವೇನಿದೆ?

ನಾನೂ ಎಡವಿದ್ದೆ. ಜ್ವರ ಬಂದು ಎರಡು ವಾರ ನಡಿಗೆ ತಪ್ಪಿತು. ಗುಣವಾದ ಮೇಲೂ ಮತ್ತೆ ಶುರುಮಾಡಲಿಲ್ಲ. ಅಂಕಿ ನೋಡುವ ಧೈರ್ಯವಾಗದೆ ಯಂತ್ರವನ್ನು ಮಂಚದ ಕೆಳಗೆ ತಳ್ಳಿದೆ. ಐದು ತಿಂಗಳ ನಂತರ ಎಳೆದಾಗ ಗಾಜಿನ ಮೇಲೆ ಬೆರಳಿನಿಂದ ಬರೆಯುವಷ್ಟು ಧೂಳು, ಬ್ಯಾಟರಿ ಸತ್ತಿತ್ತು. ಹೊಸದು ಹಾಕಿ ಹತ್ತಿದರೆ ಏಳು ಕೆಜಿ ಜಾಸ್ತಿ. ಮೊದಲ ತಿಂಗಳಲ್ಲೇ ನೋಡಿದ್ದರೆ ಬಹುಶಃ ಒಂದೋ ಎರಡೋ ಇರುತ್ತಿತ್ತು.

ಈ ಬೇಗ ನೋಡುವುದರ ಬೆಲೆ 2006ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಸ್ಪಷ್ಟವಾಗಿದೆ. ತೂಕ ಇಳಿಸಿಕೊಂಡಿದ್ದ 314 ಜನರಲ್ಲಿ ಕೆಲವರಿಗೆ ನಿತ್ಯ ತೂಕ ನೋಡಿಕೊಂಡು, ಸಿಗ್ನಲ್ ದೀಪದ ಹಾಗೆ ಮೂರು ಬಣ್ಣಗಳಲ್ಲಿ ಲೆಕ್ಕವಿಡಲು ಕಲಿಸಿದರು. ಸುಮಾರು 1.4 ಕೆಜಿವರೆಗಿನ ಏರಿಕೆ ಹಸಿರು, ಅದನ್ನು ದಾಟಿದರೆ ಹಳದಿ, 2.3 ಕೆಜಿ ಮುಟ್ಟಿದರೆ ಕೆಂಪು. ಕೆಂಪು ಬಂದರೆ ಮತ್ತೆ ಮೊದಲಿನಂತೆ ಇಳಿಸುವ ಕ್ರಮ. ಒಂದೂವರೆ ವರ್ಷದಲ್ಲಿ, ಬರೀ ಸುದ್ದಿಪತ್ರ ಪಡೆದವರಲ್ಲಿ ಶೇ. 72ರಷ್ಟು ಜನ 2.3 ಕೆಜಿ ಅಥವಾ ಹೆಚ್ಚು ಏರಿಸಿಕೊಂಡರು. ಮುಖಾಮುಖಿ ಭೇಟಿಗಳಲ್ಲಿ ಈ ಪಾಠ ಕಲಿತವರಲ್ಲಿ ಅದು ಶೇ. 46. ಒಂದು ಮಾತು ಮಾತ್ರ ಮರೆಯಬಾರದು: ತಿನ್ನುವುದರ ಬಗ್ಗೆ ವಿಪರೀತ ಭಯ ಅಥವಾ ಗೀಳು ಇದ್ದವರಿಗೆ ನಿತ್ಯ ತೂಕ ನೋಡುವುದು ಹಾನಿ ಮಾಡಬಹುದು. ಊಟ, ಓಡಾಟ ಬದಲಾಗದೆಯೇ ತೂಕ ಏರುತ್ತಿದ್ದರೆ ಥೈರಾಯ್ಡ್ ತೊಂದರೆಯೋ ಸ್ಟೀರಾಯ್ಡ್‌ನಂಥ ಔಷಧಿಯೋ ಕಾರಣವಿರಬಹುದು, ವೈದ್ಯರನ್ನು ಕೇಳಬೇಕು.

ಕಟ್ಟಿದ ಅಭ್ಯಾಸ ಒಂದು ದಿನ ತಪ್ಪಿದರೆ ಕುಸಿಯುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನ ಹೊಸ ಅಭ್ಯಾಸ ಕಲಿಯುವುದನ್ನು ಗಮನಿಸಿದರು. ಅದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಕೆಲವರಿಗೆ 18 ದಿನ ಸಾಕೆನಿಸಿದರೆ ಕೆಲವರಿಗೆ 254 ದಿನ ಬೇಕೆಂಬ ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವೇನೂ ಆಗಲಿಲ್ಲ.

ಮದುವೆ ಮುಗಿಸಿ ಯಂತ್ರದ ಮೇಲೆ ನಿಂತಿದ್ದೀರಲ್ಲ, ಪ್ರಾಯಶ್ಚಿತ್ತವೆಂದು ಇವತ್ತು ಉಪವಾಸ ಮಾಡಬೇಡಿ. ಸಂಜೆಯ ಹಸಿವು ಅದಕ್ಕೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ತಿಂಡಿ ಮದುವೆಗೆ ಮುಂಚೆ ತಿನ್ನುತ್ತಿದ್ದಷ್ಟೇ ಇರಲಿ, ನಡಿಗೆ ಹತ್ತು ನಿಮಿಷವಾದರೂ ಇರಲಿ. ಇವತ್ತಿನ ಅಂಕಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಐದು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಹತ್ತಿ, ಪಕ್ಕದಲ್ಲಿ ಆ ದಿನದ್ದನ್ನೂ ಬರೆಯಿರಿ.